ಸಮೋವಾ ಬಿಟ್ಟುಕೊಟ್ಟ ಶುಕ್ರವಾರ

ಇದು ನಿಜವಾಗಿ ನಡೆದದ್ದೋ, ನಡೆದಿದ್ದರೆ ಚೆನ್ನಾಗಿತ್ತು ಎಂದು ನಾನೇ ಕಟ್ಟಿಕೊಂಡದ್ದೋ, ಖಚಿತವಾಗಿ ಹೇಳಲಾರೆ. ಕುವೈತಿನ ಫಿಂಟಾಸಿನ ಕಡಲ ದಂಡೆ, ಚಳಿಗಾಲದ ಒಂದು ಶುಕ್ರವಾರದ ಸಂಜೆ, ಸೀರೆಯ ಮೇಲೆ ನನ್ನ ಹಳೆಯ ಜಾಕೆಟ್ ಹಾಕಿಕೊಂಡು ಕೂತ ಅಮ್ಮ, ಅವಳು ಆಡಿದ ಒಂದು ಮಾತು. ಜಾಕೆಟ್ಟಿನ ಬಗ್ಗೆ ಅನುಮಾನವಿಲ್ಲ, ಅದರ ಫೋಟೋ ಇದೆ. ಮಾತಿನ ಫೋಟೋ ತೆಗೆದವರು ಯಾರೂ ಇಲ್ಲ.

ನನ್ನ ಕಸುಬೇ ಅನುಮಾನ. ಮೀನಾ ಅಬ್ದುಲ್ಲಾದ ತೈಲ ಸಂಸ್ಕರಣಾಗಾರದಲ್ಲಿ ಒಂದು ಗುತ್ತಿಗೆ ಕಂಪನಿಗೆ ಮಾಪಕಗಳನ್ನು ಪರೀಕ್ಷಿಸಿಕೊಡುತ್ತೇನೆ. ಒತ್ತಡ ತೋರಿಸುವ ಮುಳ್ಳು, ಶಾಖ ತೋರಿಸುವ ಮುಳ್ಳು, ಯಾವುದು ಎಷ್ಟು ಸುಳ್ಳು ಹೇಳುತ್ತಿದೆ ಎಂದು ಪತ್ತೆಹಚ್ಚಿ ಅದರ ಕಿವಿ ಹಿಂಡುವುದು ಕೆಲಸ. ಅದಕ್ಕೆ ನಮ್ಮ ಹತ್ತಿರ ಎಲ್ಲರೂ ಒಪ್ಪಿದ ಒಂದು ಪ್ರಮಾಣದ ಮಾಪಕ ಇರುತ್ತದೆ. ಅದರ ಪಕ್ಕದಲ್ಲಿಟ್ಟರೆ ಕಳ್ಳ ಸಿಕ್ಕಿಬೀಳುತ್ತಾನೆ. ನೆನಪನ್ನು ಯಾವುದರ ಪಕ್ಕದಲ್ಲಿಡುವುದು? ಮೈಸೂರಿನಲ್ಲಿ ಎಂ.ಎಸ್ಸಿ. ಭೌತಶಾಸ್ತ್ರ ಓದಿದಾಗಿನಿಂದ ನನಗೆ ಈ ಚಾಳಿ. ತಟ್ಟೆಗೆ ಬಂದ ಉಪ್ಪಿಟ್ಟಿನಿಂದಲೂ ಸಾಕ್ಷಿ ಕೇಳುವ ಗಂಡಸು ಎಂದು ನನ್ನ ಹೆಂಡತಿ ವಸುಧಾ ನನ್ನನ್ನು ಬಂಧುಗಳಿಗೆ ಪರಿಚಯ ಮಾಡಿಕೊಡುತ್ತಾಳೆ.

ಸುಮ್ಮನೆ ಮಲಗಿದ್ದ ಆ ಸಂಜೆಯನ್ನು ಈಗ ಮತ್ತೆ ಎಬ್ಬಿಸಿದ್ದು ಒಂದು ಡ್ರಾಯಿಂಗ್ ಹಾಳೆ. ಮಗಳು ಇಂಚರ ಎಂಟನೇ ಕ್ಲಾಸು. ಪೆಸಿಫಿಕ್ ಸಾಗರದ ಒಂದು ದ್ವೀಪ ದೇಶ ಆರಿಸಿಕೊಂಡು ಅದರ ಮೂಲ ಸಂಗತಿಗಳನ್ನು ಚಾರ್ಟಿನಲ್ಲಿ ಬರೆದು ತನ್ನಿ ಎಂದು ಶಾಲೆಯಲ್ಲಿ ಹೇಳಿದ್ದರು. ಅವಳ ಪಾಲಿಗೆ ಸಮೋವಾ ಬಂದಿತ್ತು. ಊಟದ ಮೇಜಿನ ತುಂಬ ಸ್ಕೆಚ್ ಪೆನ್ನು ಹರಡಿಕೊಂಡು ನೀಲಿ ಬಳಿಯುತ್ತಿದ್ದಳು. ರಾಜಧಾನಿ ಆಪಿಯಾ. ದೊಡ್ಡ ದ್ವೀಪಗಳು ಎರಡು. ಜನಸಂಖ್ಯೆ ಸುಮಾರು ಎರಡು ಲಕ್ಷ. ಅಷ್ಟಾದರೆ ನಮ್ಮ ಫಿಂಟಾಸು, ಮಂಗಫ್, ಫಹಾಹೀಲುಗಳ ಫ್ಲಾಟುಗಳಲ್ಲೇ ಒತ್ತರಿಸಿ ಕೂರಿಸಬಹುದು ಅನ್ನಿಸಿತು. ಹಳೆಯ ಕಾಲದ ಮನೆಗಳಿಗೆ ಗೋಡೆಯೇ ಇಲ್ಲ, ಕಂಬ ಮತ್ತು ಮಾಡು ಮಾತ್ರ. ಮನೆಯ ಹಿರಿಯರು ಸತ್ತರೆ ಮನೆಯ ಮುಂದಿನ ಅಂಗಳದಲ್ಲೇ ಮಣ್ಣು ಮಾಡುತ್ತಾರೆ. ಬಲಕ್ಕೆ ಓಡುತ್ತಿದ್ದ ಕಾರುಗಳನ್ನು ಒಂದು ಬೆಳಿಗ್ಗೆ ಇಡೀ ದೇಶ ಎಡಕ್ಕೆ ಹಾಕಿಕೊಂಡಿತು.

ಕೊನೆಯ ಸಾಲು ಓದಿ ನಾನು ಅಲ್ಲೇ ನಿಂತೆ. 2011ರಲ್ಲಿ ಈ ದೇಶ ಡಿಸೆಂಬರ್ ಮೂವತ್ತು, ಶುಕ್ರವಾರವನ್ನು ಕೈಬಿಟ್ಟಿತು. ಗುರುವಾರ ಮಲಗಿದವರು ಶನಿವಾರ ಎದ್ದರು.

"ಇದನ್ನು ಅಜ್ಜಿ ಹತ್ತಿರ ಮಾತಾಡಿದ್ವಿ. ನೀನು ಆಗ ಹೊಟ್ಟೆಯಲ್ಲಿದ್ದೆ" ಎಂದೆ.

"ರಿಯಲಿ? ಅಜ್ಜಿ ವಾಟ್ ಸೆಡ್?" ಎಂದಳು. ಕನ್ನಡ ಎಲ್ಲ ಅರ್ಥವಾಗುತ್ತದೆ ಅವಳಿಗೆ, ಉತ್ತರ ಮಾತ್ರ ಹೀಗೆ.

ಅಜ್ಜಿ ಹೇಳಿದ್ದನ್ನು ಹೇಳಲು ಬಾಯಿ ತೆರೆದವನು ಮುಚ್ಚಿದೆ. ಹೇಳಿದ್ದಳೇ?

ಆ ಮಾತಿಗೆ ಬರುತ್ತೇನೆ. ಅದಕ್ಕೆ ಮುಂಚೆ, ಶುಕ್ರವಾರ ಕಳೆದುಕೊಳ್ಳುವುದೆಂದರೆ ಏನು ಎಂಬುದು ಇಲ್ಲಿ ಇಲ್ಲದವರಿಗೆ ತಿಳಿಯಬೇಕು. ಕುವೈತಿನಲ್ಲಿ ವಾರ ಎಂಬುದು ಶುಕ್ರವಾರದ ಸುತ್ತ ಸುತ್ತುವ ಗಾಣ. ನಾನು ಬಂದ ಹೊಸತರಲ್ಲಿ ಸರ್ಕಾರಿ ರಜೆ ಗುರುವಾರ, ಶುಕ್ರವಾರ ಇತ್ತು. ಆಮೇಲೆ ಶುಕ್ರವಾರ, ಶನಿವಾರ ಆಯಿತು. ನಮ್ಮಂಥ ಗುತ್ತಿಗೆಯವರಿಗೆ ಅದೂ ಇಲ್ಲ ಇದೂ ಇಲ್ಲ, ಶುಕ್ರವಾರ ಒಂದೇ ಖಾಯಂ. ತಲೆಗೆ ಎಣ್ಣೆ, ತಡವಾದ ಸ್ನಾನ, ಬಿಸಿಬೇಳೆಬಾತು, ನಿದ್ದೆ, ಸಂಜೆ ಕಡಲು. ಊರಿನವರಿಗೆ ಬಿಡುವಾಗುವ ಭಾನುವಾರ ನಾವು ಹೆಲ್ಮೆಟ್ ಹಾಕಿಕೊಂಡು ನಿಂತಿರುತ್ತೇವೆ. ನಮಗೆ ಬಿಡುವಾಗುವ ಶುಕ್ರವಾರ ಅವರು ಆಫೀಸಿನಲ್ಲಿ "ಆಮೇಲೆ ಮಾಡ್ತೀನಿ ಕಣೋ" ಎಂದು ಪಿಸುಗುಟ್ಟಿ ಫೋನಿಡುತ್ತಾರೆ. ನನ್ನ ಅಕ್ಕನ ಮಕ್ಕಳು ದೊಡ್ಡವರಾದದ್ದು ಹೀಗೆ ಎರಡು ರಜೆಗಳ ನಡುವಿನ ಸಂದಿಯಲ್ಲಿ. ಸಮೋವಾದ ಕಷ್ಟವೂ ಇದೇ ಆಗಿತ್ತಂತೆ. ಅವರ ವ್ಯಾಪಾರ ಸಂಬಂಧವೆಲ್ಲ ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಜೊತೆ. ಇವರು ಭಾನುವಾರ ಚರ್ಚಿನಲ್ಲಿರುವಾಗ ಅವರು ಸೋಮವಾರದ ಅಂಗಡಿ ತೆರೆದಿರುತ್ತಿದ್ದರು. ಸಾಕಾಗಿ, ದಿನರೇಖೆಯ ಆ ಕಡೆಯಿಂದ ಈ ಕಡೆಗೆ ಇಡೀ ದೇಶ ಜಿಗಿಯಿತು. ನಾವು ಹಾಗೆ ಜಿಗಿಯುವಂತಿಲ್ಲ. ಇಕಾಮಾ, ಅಂದರೆ ವಾಸದ ಪರವಾನಗಿ, ಇರುವ ಕಡೆ ಇರಬೇಕು.

ದಿನರೇಖೆ ಎಂದರೆ ನನಗೆ ಅಪ್ಪನ ಗೋಳ. ಅಪ್ಪ ಚಾಮರಾಜನಗರದ ಹೈಸ್ಕೂಲಿನಲ್ಲಿ ಭೂಗೋಳ ಮೇಷ್ಟರು. ಶಾಲೆಯವರು ಹಳೆಯದೆಂದು ತೆಗೆದುಹಾಕಿದ ಒಂದು ಗೋಳ ನಮ್ಮ ಹಜಾರದ ಗೂಡಿನಲ್ಲಿತ್ತು. ಬಂದವರಿಗೆ ಕಾಣಲೆಂದು ಇಂಡಿಯಾವನ್ನು ಮುಂದಕ್ಕೆ ತಿರುಗಿಸಿಡುತ್ತಿದ್ದರು. ಹಾಗಾಗಿ ಪೆಸಿಫಿಕ್ ಸಾಗರ ಸದಾ ಗೋಡೆಯ ಕಡೆ ಮುಖ ಮಾಡಿಕೊಂಡು, ಶಿಕ್ಷೆಗೆ ನಿಂತ ಹುಡುಗನ ಹಾಗೆ ಇರುತ್ತಿತ್ತು. ಅಪ್ಪ ಮನೆಯಲ್ಲಿಲ್ಲದಾಗ ನಾನು ಅದನ್ನು ತಿರುಗಿಸುತ್ತಿದ್ದೆ. ಅಷ್ಟು ನೀಲಿಯ ನಡುವೆ ಒಂದು ಕಪ್ಪು ಚುಕ್ಕೆ. ಅದೊಂದು ದೇಶವೆಂದು ತಿಳಿದು ಅದಕ್ಕೆ ರಾಜ, ಮಂತ್ರಿ, ರೈಲ್ವೆ ಸ್ಟೇಷನ್ ಎಲ್ಲ ಕೊಟ್ಟಿದ್ದೆ. ಅದು ಹಲ್ಲಿಯ ಹಿಕ್ಕೆ ಎಂದು ಗೊತ್ತಾದದ್ದು ಬಹಳ ತಡವಾಗಿ. ಅಕ್ಕ ಈಗಲೂ ಅದು ಇಂಕಿನ ಕಲೆ ಎನ್ನುತ್ತಾಳೆ. ನೋಡಿ, ಇಷ್ಟು ಸಣ್ಣ ದೇಶದ ಬಗ್ಗೆಯೂ ನಮ್ಮ ಮನೆಯಲ್ಲಿ ಒಮ್ಮತವಿಲ್ಲ.

ಆ ಗೋಳದ ಮೇಲೆ ಸೊಟ್ಟ ಗೆರೆಯೊಂದನ್ನು ಬೆರಳಿನಿಂದ ತೋರಿಸಿ ಅಪ್ಪ, "ಇದನ್ನ ದಾಟಿದ್ರೆ ಒಂದು ದಿನ ಮಾಯ" ಎಂದಿದ್ದರು.

"ಎಲ್ಲಿಗೆ ಹೋಗತ್ತೆ?" ಎಂದು ಕೇಳಿದ್ದೆ.

"ಎಲ್ಲಿಗೂ ಹೋಗಲ್ಲ. ಲೆಕ್ಕದಲ್ಲಿ ಇರಲ್ಲ, ಅಷ್ಟೆ."

ಈಗ ಆ ಸಂಜೆ. ವಸುಧಾಳ ಹೆರಿಗೆಗೆಂದು ಅಮ್ಮ ಡಿಸೆಂಬರಿನಲ್ಲೇ ಬಂದಿದ್ದಳು. ಇದರಲ್ಲಿ ಯಾರ ತಕರಾರೂ ಇಲ್ಲ. ಅಪ್ಪ ಹೋಗಿ ನಾಲ್ಕು ವರ್ಷವಾಗಿತ್ತು. ಅಮ್ಮ ಅವರ ವಿಷಯ ಎತ್ತುತ್ತಿರಲಿಲ್ಲ. ನಾವು ಎತ್ತಿದರೆ ಎದ್ದು ಹೋಗಿ ಒಲೆಯ ಮೇಲಿನ ಯಾವುದಾದರೂ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದಳು. ಪಾತ್ರೆಯಲ್ಲಿ ಏನೂ ಇಲ್ಲದಿದ್ದರೂ.

ಕಾಲು ಊದಿಕೊಂಡಿದೆ ಎಂದು ವಸುಧಾ ಮನೆಯಲ್ಲೇ ಉಳಿದಳು. ಅಮ್ಮನನ್ನು ಕಡಲಿಗೆ ಕರೆದುಕೊಂಡು ಹೋದದ್ದು ನಾನು ಮತ್ತು ಮೇಲಿನ ಫ್ಲಾಟಿನ ಲಾರೆನ್ಸ್. ಲಾರೆನ್ಸ್ ಕರಾವಳಿಯ ಶಿರ್ವದವರು. ಅಹ್ಮದಿಯಲ್ಲಿ ಒಂದು ಆಸ್ಪತ್ರೆಯ ಕಚೇರಿಯಲ್ಲಿ ಕೆಲಸ. ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಅವರ ಕಡೆಯ ಕನ್ನಡ, ಡ್ರೈವರುಗಳ ಜೊತೆ "ಯಲ್ಲಾ ಭಾಯಿ". ಜಗತ್ತಿನ ವಿಚಿತ್ರ ಸುದ್ದಿಗಳೆಲ್ಲ ಮೊದಲು ಅವರಿಗೆ ಸಿಗುತ್ತವೆ.

"ಅಮ್ಮ, ಸುದ್ದಿ ಗೊತ್ತುಂಟಾ?" ಎಂದರು ಲಾರೆನ್ಸ್, ಮರಳಿನ ಮೇಲೆ ಚಾಪೆ ಬಿಡಿಸುತ್ತ. "ಸಮೋವಾ ಅಂತ ಒಂದು ದೇಶ. ಅಲ್ಲಿ ಇವತ್ತು ಶುಕ್ರವಾರವೇ ಇಲ್ಲ. ಗೌರ್ಮೆಂಟೇ ಕ್ಯಾನ್ಸಲ್ ಮಾಡಿದ್ದು!"

ಅಮ್ಮ ಬೆಚ್ಚಿಬೀಳಲಿ ಎಂದು ನಾವಿಬ್ಬರೂ ಕಾದೆವು. ಅಮ್ಮ ಸೆರಗು ಜಾಕೆಟ್ಟಿನೊಳಗೆ ಸೇರಿಸಿಕೊಂಡಳು.

"ಅದ್ರಲ್ಲೇನಪ್ಪ? ನಮ್ಮ ಪಂಚಾಂಗದಲ್ಲಿ ತಿಥಿ ಕ್ಷಯ ಆಗಲ್ವ? ಪಂಚಮಿ ಆದ್ಮೇಲೆ ನೇರ ಸಪ್ತಮಿ. ಷಷ್ಠಿ ಎಲ್ಹೋಯ್ತು ಅಂತ ಯಾರಾದ್ರೂ ಕೇಳ್ತಾರ?"

"ಹೌದಲ್ಲ ಮಾರಾಯ್ರೆ!" ಎಂದರು ಲಾರೆನ್ಸ್ ನನ್ನ ಕಡೆ ತಿರುಗಿ. "ನಿಮ್ಮವರು ಇದನ್ನು ಯಾವಾಗಲೋ ಮಾಡಿಬಿಟ್ಟಿದ್ದಾರೆ!"

"ಆದ್ರೆ ಒಂದು ವಿಷಯ" ಎಂದಳು ಅಮ್ಮ. "ಅಲ್ಲಿ ಇವತ್ತು ಯಾರದಾದ್ರೂ ಮನೇಲಿ ತಿಥಿ ಇದ್ರೆ? ಯಾವತ್ತು ಮಾಡ್ತಾರೆ?"

"ಅಲ್ಲಿ ಹೆಚ್ಚಿನವರು ನಮ್ಮವರೇ ಅಮ್ಮ, ಇಗರ್ಜಿಗೆ ಹೋಗುವ ಕ್ರಿಶ್ಚಿಯನ್ನರು. ತಿಥಿಗಿಥಿ ಇಲ್ಲ."

"ಇಗರ್ಜಿಗೆ ಹೋಗೋರು ಸಾಯಲ್ವ? ಅವರಿಗೂ ಒಂದು ದಿನ ಅಂತ ಇರಲ್ವ?"

ಲಾರೆನ್ಸ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ತಾವು ಇಲ್ಲಿಗೆ ಬಂದಿಳಿದ ದಿನವನ್ನು ಬೇಕಾದರೆ ಕ್ಯಾನ್ಸಲ್ ಮಾಡಿಕೊಳ್ಳಲಿ, ಅವತ್ತು ಏರ್‌ಪೋರ್ಟಿನಲ್ಲಿ ಯಾರೂ ಕರೆಯಲು ಬಂದಿರಲಿಲ್ಲ, ಎಂದರು. ಆಮೇಲೆ ರಸ್ತೆಯಂಚಿನ ಗಾಡಿಯಿಂದ ಚಹಾ ತರಲು ಎದ್ದು ಹೋದರು.

ಇಲ್ಲಿಯವರೆಗೆ ಸರಿ. ಇದಕ್ಕೆ ಲಾರೆನ್ಸ್ ಸಾಕ್ಷಿ. ಇನ್ನು ಮುಂದಿನದಕ್ಕೆ ನಾನೊಬ್ಬನೇ.

ಲಾರೆನ್ಸ್ ಹೋದ ಮೇಲೆ ನಾನು ಅಮ್ಮನನ್ನು ಕೇಳಿದೆ. "ನಿಂಗೆ ಒಂದು ದಿನ ತೆಗೆದುಹಾಕು ಅಂದ್ರೆ ಯಾವುದನ್ನ ತೆಗೀತೀಯಮ್ಮ?" ಉತ್ತರ ನನಗೆ ಗೊತ್ತೆಂದೇ ಕೇಳಿದ್ದೆ. ಅಪ್ಪ ಹೋದ ದಿನ ಎನ್ನುತ್ತಾಳೆ, ಅಷ್ಟಾದರೂ ಅವರ ಹೆಸರು ಬಾಯಿಗೆ ಬರುತ್ತದೆ ಎಂಬ ಆಸೆ.

ಅಮ್ಮ ಸ್ವಲ್ಪ ಹೊತ್ತು ಮರಳನ್ನು ಬೆರಳಿನಿಂದ ಗೀಚಿದಳು. ಆಮೇಲೆ ಹೇಳಿದಳು. "ನಿಮ್ಮಪ್ಪ ಹೋದ ದಿನ ಅಂತ ನೀನು ಅಂದ್ಕೋತಿದೀಯ. ಅದನ್ನ ಹೆಂಗೋ ಬಿಡ್ಲಿ? ಅವತ್ತು ಬೆಳಿಗ್ಗೆ ನನ್ನ ಎದುರಿಗೆ ಕೂತು ಅವರೆಕಾಳು ಹಿದುಕ್ತಿದ್ರಲ್ಲ."

ಅಷ್ಟೆ. ಲಾರೆನ್ಸ್ ಕಾಗದದ ಲೋಟಗಳನ್ನು ಹಿಡಿದು ಬಂದರು, ಚಹಾ ಕುಡಿದೆವು, ಮನೆಗೆ ಬಂದೆವು.

ನಾನು ಅಮ್ಮನಿಗೆ ಮರುಪ್ರಶ್ನೆ ಹಾಕಲಿಲ್ಲ. ಯಾಕೆಂದರೆ ಆ ಮಾತು ತಪ್ಪು ಎಂದು ನನಗೆ ಗೊತ್ತಿತ್ತು. ಅಪ್ಪ ಹೋದದ್ದು ಬೆಳಗಿನ ಜಾವ, ನಿದ್ದೆಯಲ್ಲಿ. ಮನೆಯವರೆಲ್ಲ ಹೇಳಿದ್ದು ಅದನ್ನೇ. ನಿದ್ದೆಯಿಂದ ಏಳದವರು ಅವರೆಕಾಳು ಹಿದುಕುವುದು ಹೇಗೆ? ಅಮ್ಮ ದಿನಗಳನ್ನು ಕಲಸಿಕೊಂಡಿದ್ದಾಳೆ, ವಯಸ್ಸು, ಹೊಸ ಜಾಗ, ಎಂದುಕೊಂಡು ಸುಮ್ಮನಾದೆ. ಚಳಿಗಾಲ ಬಂದರೆ ನಮ್ಮ ಕಡೆ ಮನೆಮನೆಯಲ್ಲೂ ಅವರೆಕಾಳು ನೆನೆಹಾಕಿ, ಎರಡು ಬೆರಳಿನ ನಡುವೆ ಹಿಡಿದು ಸಿಪ್ಪೆಯಿಂದ ಪುಸಕ್ಕನೆ ಹೊರಗೆ ಹಾರಿಸುತ್ತ ಕೂರುತ್ತಾರೆ. ಅಪ್ಪ ಎಷ್ಟೋ ಬೆಳಿಗ್ಗೆ ಹಾಗೆ ಕೂತಿದ್ದವರೇ. ಯಾವುದೋ ಒಂದು ಬೆಳಿಗ್ಗೆಯನ್ನು ತಂದು ಅಮ್ಮ ಅಲ್ಲಿ ಜೋಡಿಸಿಕೊಂಡಿದ್ದಾಳೆ ಅನ್ನಿಸಿತು.

ಹೀಗೆ ಮೊದಲು ಅಮ್ಮನ ನೆನಪನ್ನು ಅನುಮಾನಿಸಿದೆ. ಅಮ್ಮ ಹೋದ ಮೇಲೆ ನನ್ನದನ್ನೇ ಅನುಮಾನಿಸತೊಡಗಿದೆ. ಅವಳು ಹೋದದ್ದು ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ. ಆಗ ಊರಿನಿಂದ ವಾಪಸು ಬಂದ ವಾರ ಮೊದಲ ಬಾರಿಗೆ ಈ ಮಾತನ್ನು ವಸುಧಾಳಿಗೆ ಹೇಳಿದೆ. ಅವಳು ಕಣ್ಣೊರೆಸಿಕೊಂಡಳು. ಆಮೇಲೆ ಕೇಳಿದಳು.

"ಅತ್ತೆ ಇಂಥ ಮಾತು ಹೇಳಿದ್ರೆ ನೀವು ಅವತ್ತೇ ನನಗೆ ಹೇಳ್ದೆ ಇರ್ತಿದ್ರಾ? ಬಾತ್‌ರೂಮಿನ ಬಲ್ಬ್ ಹೋದ್ರೂ ನನ್ನ ಆಫೀಸಿಗೆ ಫೋನ್ ಮಾಡಿ ಹೇಳೋರು ನೀವು."

"ನೀನು ತುಂಬಿದ ಬಸುರಿ. ಅತ್ತೆಗೆ ಅರುಳುಮರುಳು ಅಂತ ನಿಂಗೆ ಹೇಳಿ ಹೆದರಿಸೋದು ಬೇಡ ಅಂತ..."

"ಇದನ್ನ ಈಗ ಯೋಚಿಸಿದ್ರೋ, ಆಗ್ಲೇ ಯೋಚಿಸಿದ್ರೋ?"

ಇಪ್ಪತ್ತು ವರ್ಷ ಸಂಸಾರ ಮಾಡಿದರೆ ಸಂಶಯವೂ ಅಂಟುಜಾಡ್ಯವಾಗುತ್ತದೆ.

ಅವಳ ಪ್ರಶ್ನೆ ನಿಷ್ಠುರವಾದರೂ ನ್ಯಾಯವಾದದ್ದು. ಆ ಮಾತು ತೀರ ಚೆಂದ ಇದೆ. ಅಮ್ಮ ಹಾಗೆ ಮಾತಾಡುವವಳಲ್ಲ. ಅವಳ ಮಾತೆಂದರೆ "ಉಪ್ಪು ಕಮ್ಮಿ", "ಬಾಗಿಲು ಹಾಕ್ಕೋ", "ಆಯ್ತು ಇಡ್ಲ?" ಎಂಬಂಥವು. ಎರಡು ದೇಶಗಳ ನಡುವೆ ಓಡಾಡಿಕೊಂಡು, ಅಪ್ಪನ ಕೊನೆಗೂ ಇಲ್ಲದೆ ಅಮ್ಮನ ಕೊನೆಗೂ ಇಲ್ಲದೆ ಹೋದ ಮಗ, ತನಗೆ ಬೇಕಾದ ಮಾತೊಂದನ್ನು ಅಮ್ಮನ ಬಾಯಲ್ಲಿ ಇಟ್ಟಿರುವುದೇ ಹೆಚ್ಚು ಸಂಭವ. ಮಾಪಕವೊಂದು ನನಗೆ ಬೇಕಾದ ಅಂಕಿಯನ್ನೇ ಕರಾರುವಾಕ್ಕಾಗಿ ತೋರಿಸುತ್ತಿದ್ದರೆ ನಾನು ಮೊದಲು ಅದನ್ನು ಬಿಚ್ಚಿ ನೋಡುತ್ತೇನೆ.

ಆದರೂ ಬಿಡಲು ಮನಸ್ಸಿಲ್ಲ. ಅಮ್ಮ ಅಪ್ಪನ ಬಗ್ಗೆ ನನ್ನೆದುರು ತಾನಾಗಿ ಆಡಿದ್ದು ಅದೊಂದೇ ಮಾತು. ಅದೂ ನನ್ನ ಕಲ್ಪನೆ ಎಂದಾದರೆ ನನ್ನ ಹತ್ತಿರ ಏನೂ ಉಳಿಯುವುದಿಲ್ಲ. ಇಂಚರಳ ಚಾರ್ಟಿನಲ್ಲಿ ಗೋಡೆಯಿಲ್ಲದ ಮನೆಗಳ ಮುಂದೆ ಗೋರಿಗಳನ್ನು ಅವಳು ತಿಳಿನೇರಳೆ ಬಣ್ಣದಲ್ಲಿ ಬರೆದಿದ್ದಳು. ಪಕ್ಕದಲ್ಲಿ ಒಂದು ಮಗು ಆಡುತ್ತಿತ್ತು. ನಮ್ಮ ಅಪ್ಪ ಅಮ್ಮ ಇಬ್ಬರ ಅಸ್ಥಿಯನ್ನೂ ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಬಿಟ್ಟಿದ್ದೇವೆ. ನದಿ ಅವರನ್ನು ಯಾವ ಕಡಲಿಗೆ ಒಯ್ದಿದೆ ಎಂದು ಗೊತ್ತು, ಅದು ಫಿಂಟಾಸಿನ ಈ ಕಡಲಲ್ಲ ಎಂದೂ ಗೊತ್ತು. ಗೊತ್ತಿದ್ದೂ ಕೆಲವು ಶುಕ್ರವಾರ ಹೋಗಿ ನೀರಿನ ಅಂಚಿನಲ್ಲಿ ನಿಲ್ಲುತ್ತೇನೆ. ವಿಜ್ಞಾನ ಓದಿದವನು ಹೀಗೆ ನಿಂತದ್ದನ್ನು ನೀವು ಯಾರಿಗೂ ಹೇಳಬೇಡಿ.

ಚಾರ್ಟು ಒಣಗಲಿಟ್ಟ ಮರುದಿನ ಮೇಲಿನ ಫ್ಲಾಟಿಗೆ ಹೋಗಿ ಲಾರೆನ್ಸರನ್ನು ಕೇಳಿದೆ. ಈಗ ಅವರ ಕೂದಲು ಪೂರ್ತಿ ಬೆಳ್ಳಗಾಗಿದೆ, ಸುದ್ದಿಯ ಹಸಿವು ಹಾಗೇ ಇದೆ.

"ಸಮೋವಾ! ನೆನಪುಂಟು ಮಾರಾಯ್ರೆ. ಅಮ್ಮ ನನ್ನ ಬಾಯಿ ಮುಚ್ಚಿಸಿದ್ದು ಇನ್ನೂ ನೆನಪುಂಟು, ಇಗರ್ಜಿಯವರು ಸಾಯುವುದಿಲ್ವಾ ಅಂತ."

"ನೀವು ಚಹಾ ತಗೊಂಡು ಬಂದಾಗ ಅಮ್ಮ ಏನಾದ್ರೂ ಹೇಳ್ತಿದ್ರಾ?"

"ಎಂತ ಹೇಳಿದ್ದು? ಸಕ್ಕರೆ ಜಾಸ್ತಿ ಅಂತ ಹೇಳಿದ್ದು."

"ಅದಕ್ಕೆ ಮುಂಚೆ?"

"ಅದಕ್ಕೆ ಮುಂಚೆ ನಾನು ಇರ್ಲಿಲ್ಲ ಅಲ್ವಾ ಶ್ರೀಕಂಠ್ರೇ. ಚಹಾದವನ ಹತ್ರ ಇದ್ದೆ." ನನ್ನ ಮುಖ ನೋಡಿ ಅವರ ದನಿ ತಗ್ಗಿತು. "ನೀವಿಬ್ಬರೂ ಸುಮ್ಮನೆ ಕೂತಿದ್ರಿ. ಅಷ್ಟು ನೆನಪುಂಟು. ಏನೋ ಆಗಿದೆ ಅಂತ ನನಗೆ ಅನ್ನಿಸಿತ್ತು. ಕೇಳ್ಲಿಕ್ಕೆ ಹೋಗ್ಲಿಲ್ಲ."

ಮೌನಕ್ಕೆ ಸಾಕ್ಷಿ ಸಿಕ್ಕಿತು. ಮಾತಿಗೆ ಸಿಗಲಿಲ್ಲ.

ಏಣಿಮೆಟ್ಟಿಲು ಇಳಿಯುವಾಗ ಇಷ್ಟು ವರ್ಷ ಹೊಳೆಯದ ಒಂದು ದಾರಿ ಹೊಳೆಯಿತು. ಅಮ್ಮ ಹೇಳಿದಳೋ ಇಲ್ಲವೋ ಎಂಬುದನ್ನು ಪರೀಕ್ಷಿಸಲು ಬರುವುದಿಲ್ಲ. ಅವರೆಕಾಳಿನ ಸಂಗತಿಯನ್ನು ಪರೀಕ್ಷಿಸಲು ಬರುತ್ತದೆ. ಅಪ್ಪ ಜಾವದಲ್ಲಿ ಹೋಗಿದ್ದರೆ ಮಾತು ನನ್ನ ಕಲ್ಪನೆ, ಇಲ್ಲವೇ ಅಮ್ಮನ ಗೊಂದಲ. ಒಂದು ವೇಳೆ ಆ ಬೆಳಿಗ್ಗೆ ಅವರು ನಿಜವಾಗಿ ಎದ್ದು ಕೂತಿದ್ದರೆ? ಅದು ನನಗೆ ಗೊತ್ತೇ ಇರದ ಸಂಗತಿ. ಗೊತ್ತಿರದ್ದನ್ನು ನಾನು ಕಟ್ಟಿಕೊಳ್ಳುವುದು ಹೇಗೆ?

ಅಪ್ಪನ ಸುದ್ದಿ ನನಗೆ ಬಂದ ಬಗೆ ನೆನಪಾಯಿತು. ಗಲ್ಫಿನಲ್ಲಿರುವವರಿಗೆ ಸಾವಿನ ಸುದ್ದಿಯನ್ನು ಯಾರೂ ನೇರವಾಗಿ ಹೇಳುವುದಿಲ್ಲ. ಮೊದಲು "ಸ್ವಲ್ಪ ಹುಷಾರಿಲ್ಲ", ಆಮೇಲೆ "ಸೀರಿಯಸ್ಸು, ಹೊರಟು ಬಾ". ಎರಡನೆಯದು ಕೇಳಿದರೆ ಎಲ್ಲ ಮುಗಿದಿದೆ ಎಂದು ನಮ್ಮ ಲೇಬರ್ ಕ್ಯಾಂಪಿನ ಹೊಸಬರಿಗೂ ಗೊತ್ತು. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ವಿಮಾನ ಹತ್ತುತ್ತೇವೆ. ನನಗೂ ಭಾವ ಹಾಗೆಯೇ ಹೇಳಿದರು. ಮನೆ ತಲುಪಿದಾಗ ಅಂಗಳದಲ್ಲಿ ನಿಂತವರು, "ಪುಣ್ಯವಂತರು, ಬೆಳಗಿನ ಜಾವ ನಿದ್ದೆಯಲ್ಲೇ, ಹೂವೆತ್ತಿದ ಹಾಗೆ ಹೋದರು" ಎಂದರು. ಬಂದವರೆಲ್ಲ ಅದನ್ನೇ ಹೇಳಿದರು. ನಾನು, ಉಪ್ಪಿಟ್ಟಿನಿಂದಲೂ ಸಾಕ್ಷಿ ಕೇಳುವವನು, ಅದೊಂದಕ್ಕೆ ಸಾಕ್ಷಿ ಕೇಳಿರಲಿಲ್ಲ.

ಭಾನುವಾರ ಬೆಳಗಿನ ಚಹಾದ ಹೊತ್ತಿಗೆ ವರ್ಕ್‌ಶಾಪಿನ ಹಿಂದೆ ನೆರಳಿನಲ್ಲಿ ನಿಂತು ಮೈಸೂರಿನ ಅಕ್ಕನಿಗೆ ಫೋನ್ ಮಾಡಿದೆ. ಅಪ್ಪ ಹೋದಾಗ ಅವಳು ಊರಿನ ಮನೆಯಲ್ಲೇ ಇದ್ದಳು. ಸಾಕ್ಷಿಯ ಬಾಯಿಗೆ ಉತ್ತರ ತುರುಕಬಾರದೆಂದು ಎಚ್ಚರ ವಹಿಸಿ, ಅಮ್ಮನ ಹೆಸರಾಗಲಿ ಕಡಲಿನ ಹೆಸರಾಗಲಿ ಎತ್ತಲಿಲ್ಲ.

"ಅಕ್ಕ, ಅಪ್ಪ ಹೋದ ದಿನ ಬೆಳಿಗ್ಗೆ ಏನೇನಾಯ್ತು? ಮೊದಲಿಂದ ಹೇಳು."

"ಇದೇನೋ ಕಂಠಿ, ಈಗ? ಏನಾಯ್ತೋ ನಿಂಗೆ?"

"ಏನಿಲ್ಲ. ಸುಮ್ನೆ ಕೇಳ್ದೆ."

"ಸುಮ್ನೆ ಕೇಳೋ ವಿಷಯಾನ ಅದು?" ಎಂದಳು. ಆ ಕಡೆ ಕುಕ್ಕರ್ ಕೂಗಿತು. ಅವಳು ನಡೆದುಹೋಗಿ ಒಲೆ ಆರಿಸಿದ್ದು ಕೇಳಿಸಿತು.

"ನಿದ್ದೇಲಿ ಹೋದ್ರು ಅಂತ ನಾವೇ ಹೇಳಿದ್ದು ಕಣೋ" ಎಂದಳು. "ನೀನು ಅಷ್ಟು ದೂರದಿಂದ ಒಬ್ನೇ ಬರ್ಬೇಕಿತ್ತು. ಒದ್ದಾಡಿದ್ರಾ, ನನ್ನ ಕೇಳಿದ್ರಾ ಅಂತ ದಾರಿಯುದ್ದಕ್ಕೂ ಕೊರಗ್ತೀಯ ಅಂತ ನಿಮ್ಮ ಭಾವ ಹಾಗೆ ಹೇಳೋಣ ಅಂದ್ರು. ಬಂದೋರಿಗೆಲ್ಲ ಅದನ್ನೇ ಹೇಳಿದ್ವಿ. ಹೇಳಿ ಹೇಳಿ ನಮಗೇ ಅದು ನಿಜ ಆಗೋಯ್ತು. ಆಮೇಲೆ ಯಾವತ್ತು ಅಂತ ಕೂತು ನಿಂಗೆ ಹೇಳೋದು?"

"ಮತ್ತೆ ಹೇಗೆ ಹೋದ್ರು?"

"ಎದ್ರು, ಕಾಫಿ ಕುಡಿದ್ರು, ಪೇಪರ್ ಓದಿದ್ರು. ಆಮೇಲೆ ಹಜಾರದಲ್ಲಿ ಅಮ್ಮನ ಎದುರಿಗೆ ಕೂತ್ರು. ಹಿಂದಿನ ರಾತ್ರಿ ನೆನೆಹಾಕಿದ್ವಲ್ಲ, ಅವರೆಕಾಳು. ಇಬ್ರೂ ಹಿದುಕ್ತಿದ್ರು. ತಮ್ದೊಂದು ಕಾಳು ಅಮ್ಮನ ಕನ್ನಡಕಕ್ಕೆ ಹಾರ್ತು ಅಂತ ಅಪ್ಪ ನಗ್ತಿದ್ದದ್ದು ನಂಗೆ ಅಡುಗೆಮನೆಗೆ ಕೇಳಿಸ್ತು. ಆಮೇಲೆ ಅಮ್ಮ ಕೂಗಿದ್ದು ಕೇಳಿಸ್ತು. ಅಷ್ಟೆ ಕಣೋ. ಬೋಗುಣಿ ಅವರ ಮುಂದೇನೇ ಇತ್ತು. ಯಾಕೋ ಕೇಳ್ದೆ? ನಿಂಗೆ ಯಾರು ಹೇಳಿದ್ರು?"

ಯಾರು ಹೇಳಿದರೆಂದು ಹೇಳಿದೆ. ನನ್ನ ಸೈಟಿನವನೊಬ್ಬ ಬಂದು, ಚಹಾ ಖಲಾಸ್, ಎಂದು ಕೈಸನ್ನೆ ಮಾಡಿ, ನನ್ನ ಮುಖ ನೋಡಿ, ಸದ್ದಿಲ್ಲದೆ ವಾಪಸು ಹೋದ.

ಆ ಸಂಜೆ ಅಮ್ಮ ಕಡಲ ಕಡೆ ಮುಖ ಮಾಡಿದ್ದಳೋ ರಸ್ತೆಯ ಕಡೆಯೋ, ಚಹಾ ಎಷ್ಟು ಲೋಟವಿತ್ತೋ, "ಹೆಂಗೋ ಬಿಡ್ಲಿ" ಎಂದಳೋ "ಹೆಂಗ್ ಬಿಡಕ್ಕಾಗತ್ತೆ" ಎಂದಳೋ, ನಾನು ಪ್ರಮಾಣ ಮಾಡಿ ಹೇಳಲಾರೆ. ಒಂದನ್ನು ಮಾತ್ರ ಕೇಳಿ, ತಿಳಿದು, ಖಚಿತಪಡಿಸಿಕೊಂಡಿದ್ದೇನೆ: ಅಪ್ಪ ಹೋದ ದಿನ ಬೆಳಿಗ್ಗೆ ಅಮ್ಮನ ಎದುರಿಗೆ ಕೂತು ಅವರೆಕಾಳು ಹಿದುಕುತ್ತಿದ್ದರು.